ಸಿ.ಸಿ.ಪಿ.ಎ.: ನಾಲ್ಕು ಅಕ್ಷರಗಳ ಅರ್ಥ ಮತ್ತು ಅಧಿಕಾರ

ಸಿ.ಸಿ.ಪಿ.ಎ. ದಂಡ ವಿಧಿಸಿತೆಂಬ ಸುದ್ದಿಯನ್ನು ಓದುವ ವರ್ತಕರಲ್ಲಿ ಹಲವರು ಅದನ್ನು ಗ್ರಾಹಕ ನ್ಯಾಯಾಲಯವೆಂದೇ ಭಾವಿಸುತ್ತಾರೆ. ರಾಜಕೀಯ ವರದಿಗಳಲ್ಲಿ ಇವೇ ಅಕ್ಷರಗಳು ಕೇಂದ್ರ ಸಂಪುಟದ ರಾಜಕೀಯ ವ್ಯವಹಾರಗಳ ಸಮಿತಿಯನ್ನು ಸೂಚಿಸುವುದರಿಂದ ಗೊಂದಲ ಇಮ್ಮಡಿಸುತ್ತದೆ.

ನಮಗೆ ಸಂಬಂಧಿಸಿದ ಸಿ.ಸಿ.ಪಿ.ಎ. ಎಂದರೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಅನ್ವಯ 2020ರ ಜುಲೈ 24ರಂದು ಇದು ಅಸ್ತಿತ್ವಕ್ಕೆ ಬಂದಿತು. ವೈಯಕ್ತಿಕ ದೂರಿಗೆ ಪರಿಹಾರ ಕೊಡಿಸುವುದು ಜಿಲ್ಲಾ, ರಾಜ್ಯ ಹಾಗೂ ರಾಷ್ಟ್ರೀಯ ಆಯೋಗಗಳ ಹೊಣೆ. ಒಟ್ಟಾರೆ ಗ್ರಾಹಕ ವರ್ಗದ ಹಿತರಕ್ಷಣೆ ಪ್ರಾಧಿಕಾರದ ಹೊಣೆ. ದೂರು ಬಾರದಿದ್ದರೂ ಅದು ಸ್ವಯಂಪ್ರೇರಿತವಾಗಿ ವಿಚಾರಣೆ ನಡೆಸಬಹುದು. ಅಪಾಯಕಾರಿ ಸರಕನ್ನು ಹಿಂಪಡೆಯಲು ಆದೇಶಿಸಬಹುದು. ದಾರಿತಪ್ಪಿಸುವ ಜಾಹೀರಾತಿಗಾಗಿ ತಯಾರಕರಿಗೆ 10 ಲಕ್ಷ ರೂ.ವರೆಗೆ, ಮರುಕಳಿಸಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು.

ಜಾಹೀರಾತು ದೊಡ್ಡ ಕಂಪನಿಗಳ ವ್ಯವಹಾರವೆಂದು ಸಣ್ಣ ಉದ್ಯಮಿಗಳು ಸುಮ್ಮನಿರುವಂತಿಲ್ಲ. ಅಧಿನಿಯಮದ ವ್ಯಾಖ್ಯೆಯಲ್ಲಿ ಲೇಬಲ್, ಹೊದಿಕೆ, ಇನ್‌ವಾಯ್ಸ್‌ಗಳೂ ಜಾಹೀರಾತೇ ಆಗಿವೆ. ಪೊಟ್ಟಣದ ಮೇಲೆ ಆಧಾರವಿಲ್ಲದೆ ಮುದ್ರಿಸಿದ ಒಂದು ಸಾಲು ವರ್ಷದ ಲಾಭವನ್ನೇ ನುಂಗಬಲ್ಲದು. ಆದರೆ ದಂಡಕ್ಕೆ ಮುನ್ನ ಅಹವಾಲು ಹೇಳಿಕೊಳ್ಳಲು ಅವಕಾಶವಿದೆ. ದಂಡ ನಿಗದಿಯಲ್ಲಿ ಮಾರಾಟದ ಆದಾಯವನ್ನೂ ಪರಿಗಣಿಸಬೇಕು. ಆದೇಶ ತಲುಪಿದ 30 ದಿನಗಳೊಳಗೆ ರಾಷ್ಟ್ರೀಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಅಕ್ಷರಗಳ ಅರ್ಥವರಿಯದೆ ಪತ್ರವನ್ನು ಮೂಲೆಗಿಟ್ಟವರು ಈ ಹಕ್ಕುಗಳನ್ನೂ ಕಳೆದುಕೊಳ್ಳುತ್ತಾರೆ.

ಆದಕಾರಣ ಪ್ರಾಧಿಕಾರವು ಕರ್ನಾಟಕದ ಉದ್ಯಮಿಗಳಿಗೆ ಕಳುಹಿಸುವ ಪತ್ರಗಳಲ್ಲಿ ತನ್ನ ಪೂರ್ಣ ಹೆಸರನ್ನು ಕನ್ನಡದಲ್ಲಿಯೂ ನಮೂದಿಸುವುದು ಉಚಿತ. ಸದಸ್ಯರು ತಮ್ಮ ಲೇಬಲ್‌ಗಳಲ್ಲಿನ ಪ್ರತಿಯೊಂದು ಹೇಳಿಕೆಗೂ ಪರೀಕ್ಷಾ ವರದಿ ಅಥವಾ ದಾಖಲೆಯನ್ನು ಕಡತದಲ್ಲಿರಿಸುವುದು ಅದಕ್ಕಿಂತಲೂ ಅಗತ್ಯ.