ಒಲೆ ಹೆಂಗಸರದು ಅಂತ ಬಿಟ್ಟರೆ ಸಾಲದು

ನಮ್ಮ ಬಣವೆ ಸುಟ್ಟುಹೋಗಿದ್ದು ಬೀಡಿಯಿಂದಲ್ಲ, ಕರೆಂಟಿಂದಲೂ ಅಲ್ಲ, ನೀರೊಲೆಯ ಬೂದಿಯಿಂದ. ಬೆಳಿಗ್ಗೆ ಬಾಚಿ ತಿಪ್ಪೆಗೆ ಹಾಕಿದ್ದ ಬೂದಿ ಮೇಲೆ ತಣ್ಣಗಿತ್ತು, ಒಳಗೆ ಕೆಂಡ ಇತ್ತು. ಮಧ್ಯಾಹ್ನ ಗಾಳಿ ಎದ್ದು ಕಿಡಿ ಹಾರಿ ಪಕ್ಕದ ಕಡ್ಲೆಕಾಯಿ ಬಳ್ಳಿಗೆ ಬಿತ್ತು, ಅಲ್ಲಿಂದ ರಾಗಿಹುಲ್ಲಿಗೆ. ಒಂದು ವರ್ಷದ ಮೇವು ಕಣ್ಣೆದುರಿಗೇ ಹೋಯ್ತು. ಆ ಬೇಸಿಗೆ ಹಸು ಮಾರಿದೆ.

ಮನೆಯವಳನ್ನ ಬೈದೆ. ಆಮೇಲೆ ಯೋಚನೆ ಮಾಡಿದರೆ, ತಿಪ್ಪೆ ಪಕ್ಕದಲ್ಲೇ ಬಣವೆ ಒಟ್ಟಿದ್ದವನು ನಾನು. ಹಸಿ ಜಾಲಿ ಸೌದೆ ತಂದು ಹಾಕ್ತಿದ್ದವನೂ ನಾನೇ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಗ್ಯಾಸ್ ಬಂದ ಮನೆಗಳಲ್ಲೂ ಸೌದೆ ಒಲೆ ಆರಿಲ್ಲ. ಸ್ನಾನದ ನೀರು, ಮುದ್ದೆ, ದನಕ್ಕೆ ಹುರುಳಿ ಬೇಯಿಸೋದು ಅದರಲ್ಲೇ. ಹೊಗೆ ಕೊಳವೆಯ ಅಸ್ತ್ರ ಒಲೆ ನಮಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗ ನಮ್ಮ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲೇ ಕೆಲಸ ಮಾಡಿತು. ಕೆಳಗೆ ಗಾಳಿಯಾಡೋ ಜಾಲರಿ, ಮೇಲೆ ಹೊಗೆಗೆ ದಾರಿ. ಒಳ್ಳೇ ಒಲೆ. ನಮ್ಮ ತಂದೆ ಕಟ್ಟಿಸಿದರು, ಆದರೆ ಕೊಳವೆ ಯಾರೂ ಗುಡಿಸಲಿಲ್ಲ. ಮಸಿ ಕಟ್ಟಿ ಹೊಗೆ ಒಳಕ್ಕೇ ತಿರುಗಿತು. ಕೊನೆಗೆ ಒಡೆದು ಹಾಕಿದೆವು. ತಪ್ಪು ಒಲೆಯದಲ್ಲ. ಮಾಡು ಹತ್ತಿ ಗುಡಿಸೋದು ಗಂಡಸರ ಕೆಲಸ ಆಗಿತ್ತು, ನಾವು ಹತ್ತಲಿಲ್ಲ.

ಅದಕ್ಕೇ ಹೇಳೋದು, ಗಂಡಸರು ಮೂರು ಕೆಲಸ ಹೊತ್ತುಕೊಳ್ಳಬೇಕು. ಒಂದು, ಸೌದೆ. ಬೇಸಿಗೆಯಲ್ಲೇ ಸೀಳಿ ಒಣಗಿಸಿ, ಮಳೆಗೆ ಮುಂಚೆ ಸೂರಿನಡಿ ಒಟ್ಟಬೇಕು. ಹಸಿ ಸೌದೆ ಹೊಗೆ ಜಾಸ್ತಿ ಬಿಡುತ್ತೆ, ಮಸಿ ಕಟ್ಟುತ್ತೆ, ಆ ಮಸಿಗೇ ಬೆಂಕಿ ಹತ್ತುತ್ತೆ. ಎರಡು, ಕೊಳವೆ. ಉದ್ದ ಕೋಲಿಗೆ ಗೋಣಿ ಸುತ್ತಿ ಆಗಾಗ ಮಸಿ ಇಳಿಸಬೇಕು, ಒಲೆ ಪೂರ್ತಿ ಆರಿದ ಮೇಲೆ. ಮೂರು, ಬೂದಿ. ಮುಚ್ಚಳದ ತಗಡಿನ ಡಬ್ಬದಲ್ಲಿ ಎರಡು ಮೂರು ದಿನ ಇಟ್ಟು, ನೀರು ಚಿಮುಕಿಸಿ, ಕೋಲಲ್ಲಿ ಕೆದಕಿ ನೋಡಿ ತಿಪ್ಪೆಗೆ ಹಾಕಬೇಕು. ಬಣವೆ ತಿಪ್ಪೆಯಿಂದ ದೂರ ಇರಲಿ.

ಇನ್ನೊಂದು ಮಾತು. ಒಲೆ ಬಾಯಿ ತುಂಬ ಸೌದೆ ತುರುಕಬೇಡಿ, ಎರಡು ಮೂರು ಸೀಳು ಸಾಕು. ಹತ್ತಿಸೋಕೆ ಪ್ಲಾಸ್ಟಿಕ್ ಕವರ್ ಬೇಡ, ತೆಂಗಿನ ಗರಿ ಇದೆಯಲ್ಲ. ಚಳಿಗೆ ಅಂತ ಬಾಂಡ್ಲಿಯಲ್ಲಿ ಕೆಂಡ ಇಟ್ಟು ಬಾಗಿಲು ಹಾಕಿ ಮಲಗಲೇಬೇಡಿ. ಹೊಗೆ ಕಾಣದಿದ್ದರೂ ಕೆಂಡದ ವಿಷಗಾಳಿ ನಿದ್ದೆಯಲ್ಲೇ ಜೀವ ತೆಗೆಯುತ್ತೆ.

ಮಳೆ ನಮ್ಮ ಕೈಲಿಲ್ಲ ನಿಜ. ಬೂದಿ ನಮ್ಮ ಕೈಲಿದೆ. ಈಗ ನಮ್ಮನೇಲಿ ಬೂದಿ ಡಬ್ಬ ಎತ್ತೋನು ನಾನೇ. ನೀವೂ ಎತ್ತಿ.