ಕ್ರಿಸ್‌ಮಸ್ ರಜೆಯಲ್ಲಿ ಬಂದ ಎಳ್ಳ ಅಮಾವಾಸ್ಯೆ



‘ರಜೆ’ ಎಂಬುದು ಅಚ್ಚಗನ್ನಡದ ಶಬ್ದವಲ್ಲ. ಅರಬ್ಬೀ ಮೂಲದಿಂದ ಹೊರಟು ಹಿಂದೂಸ್ತಾನಿಯ ಮೂಲಕ ನಮ್ಮ ನುಡಿಯನ್ನು ಸೇರಿದ ಮಾತು ಅದು. ಒಪ್ಪಿಗೆ, ಅನುಮತಿ ಎಂಬುದು ಅದರ ಮೊದಲ ಅರ್ಥ. ಕೆಲಸದಿಂದ ಬಿಡುವು ಪಡೆಯಲು ಯಜಮಾನನು ಕೊಟ್ಟ ಅಪ್ಪಣೆಯೇ ರಜೆ. ಅಪ್ಪಣೆಯನ್ನು ಕೊಡುವವರು ಬೇರೆಯವರಾದರೂ ದೊರೆತ ದಿನಗಳನ್ನು ಯಾವುದಕ್ಕೆ ಸಲ್ಲಿಸಬೇಕೆಂಬುದು ಪಡೆದವರ ವಿವೇಕಕ್ಕೆ ಬಿಟ್ಟ ವಿಷಯ. ಈ ತಿಂಗಳು ನಾವು ಈ ವಿವೇಕದ ಕುರಿತಾಗಿ ಎರಡು ಮಾತು ಬರೆಯಬಯಸುತ್ತೇವೆ.

ನಮ್ಮ ನಾಡಿನ ಬಹುಪಾಲು ಶಾಲೆಗಳಿಗೆ ದಸರೆಯದು ಒಂದು, ಬೇಸಿಗೆಯದು ಒಂದು, ಹೀಗೆ ಎರಡೇ ದೊಡ್ಡ ರಜೆಗಳು. ಡಿಸೆಂಬರ್ 25 ಅವುಗಳಿಗೆ ಒಂದು ದಿನದ ಬಿಡುವು ಮಾತ್ರ. ಕ್ರೈಸ್ತ ಸಂಸ್ಥೆಗಳು ನಡೆಸುವ ಶಾಲೆಗಳಲ್ಲಿಯೂ ಕೇಂದ್ರ ಪಠ್ಯಕ್ರಮದ ಅನೇಕ ಶಾಲೆಗಳಲ್ಲಿಯೂ ವರ್ಷದ ಕೊನೆಯ ವಾರವೆಲ್ಲ ಬಿಡುವಿರುತ್ತದೆ. ಕೆಲವೆಡೆ ದಸರೆಯ ರಜೆಯಲ್ಲಿ ಅಷ್ಟು ದಿನಗಳನ್ನು ಕಡಿತಗೊಳಿಸಿ ಇಲ್ಲಿಗೆ ಸೇರಿಸುವುದುಂಟು. ಪಟ್ಟಣ ಸೇರಿದ ನಮ್ಮ ಮನೆಗಳ ಮಕ್ಕಳು ಇಂಥ ಶಾಲೆಗಳಿಗೆ ಹೋಗತೊಡಗಿದ ಮೇಲೆ ‘ಕ್ರಿಸ್‌ಮಸ್ ರಜೆ’ ಎಂಬುದು ನಮ್ಮ ಸಂಸಾರಗಳ ಪಂಚಾಂಗದಲ್ಲಿಯೂ ಸೇರಿಕೊಂಡಿತು. ಆ ವಾರದಲ್ಲಿ ಗೋವೆಯ ಕಡಲತೀರಕ್ಕೋ ಊಟಿ, ಕೊಡಗುಗಳ ತಂಪಿಗೋ ಹೋಗಿಬರುವ ಕುಟುಂಬಗಳು ಬಹಳ. ಅದರಲ್ಲಿ ದೋಷವೇನೂ ಇಲ್ಲ. ದೇಶ ನೋಡುವುದೂ ಒಂದು ಶಿಕ್ಷಣವೇ.

ಆದರೆ ಉತ್ತರ ಕರ್ನಾಟಕದ ಒಕ್ಕಲು ಮನೆತನಗಳಿಗೆ ಈ ವಾರದಲ್ಲಿ ಇನ್ನೊಂದು ಭಾಗ್ಯವೂ ಆಗಾಗ ಒದಗುತ್ತದೆ. ಕ್ರಿಸ್‌ಮಸ್ ಸೂರ್ಯಮಾನದ ಹಬ್ಬ. ಅದರ ತಾರೀಖು ಕದಲುವುದಿಲ್ಲ. ಮಾರ್ಗಶಿರ ಮಾಸದ ಎಳ್ಳ ಅಮಾವಾಸ್ಯೆ ಚಾಂದ್ರಮಾನದ ಹಬ್ಬ. ಅದು ಡಿಸೆಂಬರ್ ನಡುವಿನಿಂದ ಜನವರಿಯ ಮೊದಲ ಭಾಗದವರೆಗೆ ಹಿಂದೆ ಮುಂದೆ ಸರಿಯುತ್ತಿರುತ್ತದೆ. 2019ರಲ್ಲಿ ಅದು ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣದ ಸಂಗಡ ಬಂದಿತ್ತು. 2022ರಲ್ಲಿ ಡಿಸೆಂಬರ್ 23ರಂದು ಬಂದಿತು. 2024ರಲ್ಲಿ ಡಿಸೆಂಬರ್ 30ರ ಸೋಮವಾರ, ಸರಿಯಾಗಿ ರಜೆಯ ನಡುವೆಯೇ ಬಂದಿತು. ಆ ವರ್ಷ ಒಂದು ಮನೆತನದಲ್ಲಿ ನಡೆದ ಸಂಗತಿಯನ್ನು ವಾಚಕರ ಮುಂದಿಡುತ್ತೇವೆ. ಮನೆಯವರ ಅಪ್ಪಣೆ ಪಡೆದೇ ಬರೆಯುತ್ತಿದ್ದೇವೆ. ಹೆಸರನ್ನೂ ಊರನ್ನೂ ಹೇಳುವುದು ಬೇಡವೆಂದು ಅವರು ಕೇಳಿಕೊಂಡಿದ್ದಾರೆ.

ಬೀದರ ಜಿಲ್ಲೆಯ ಭಾಲ್ಕಿ ಸೀಮೆಯ ಒಕ್ಕಲು ಮನೆ ಅದು. ಹನ್ನೆರಡು ಎಕರೆ ಎರೆ ಭೂಮಿ, ಪಿತ್ರಾರ್ಜಿತವಾದುದು. ಯಜಮಾನರಿಗೆ ಆಗ ಎಪ್ಪತ್ತೈದರ ಸಮೀಪ. ಹಿರಿಯ ಮಗ ಬೆಂಗಳೂರಿನಲ್ಲಿ ಎಂಜಿನಿಯರ್, ಕಿರಿಯವನು ಹೈದರಾಬಾದಿನಲ್ಲಿ ನೌಕರ. ಇಬ್ಬರ ನಡುವಿನ ಮಗಳನ್ನು 1998ರಲ್ಲಿ ಉದಗೀರಿನ ಕಡೆಗೆ ಕೊಟ್ಟಿದ್ದಾರೆ. ಹೊಲವನ್ನು ಊರಿನವರೊಬ್ಬರು ಪಾಲಿಗೆ ಮಾಡುತ್ತಾರೆ. ಮೂವರು ಮಕ್ಕಳೂ ಒಟ್ಟಾಗಿ ಎಳ್ಳ ಅಮಾವಾಸ್ಯೆಗೆ ಊರಿನಲ್ಲಿ ಸೇರಿ ಹದಿನಾರು ವರ್ಷಗಳೇ ಆಗಿದ್ದುವು.

ಆ ಸಲ ಎಲ್ಲರೂ ಬಂದುದಕ್ಕೆ ಹಬ್ಬವೊಂದೇ ಕಾರಣವಾಗಿರಲಿಲ್ಲ. ಹೊಲವನ್ನು ಹೆಸರಿಗೆ ಹಚ್ಚಿಕೊಳ್ಳುವ ವಿಚಾರ ಗಂಡುಮಕ್ಕಳಲ್ಲಿ ಹುಟ್ಟಿತ್ತು. ಅದಕ್ಕಾಗಿ ಸಹೋದರಿಯಿಂದ ಹಕ್ಕು ಬಿಟ್ಟುಕೊಡುವ ಕಾಗದವನ್ನು ಬರೆಯಿಸಿ ಸಿದ್ಧಗೊಳಿಸಿದ್ದರು. ಎಲ್ಲರಿಗೂ ಬಿಡುವಿರುವುದು ಮಕ್ಕಳ ಕ್ರಿಸ್‌ಮಸ್ ರಜೆಯಲ್ಲಿ ಮಾತ್ರ. ಶುಕ್ರವಾರ, ಡಿಸೆಂಬರ್ 27ರಂದು ನೋಂದಣಿ ಕಚೇರಿಗೆ ಹೋಗಿ ಸಹಿ ಮುಗಿಸುವುದೆಂದು ಗೊತ್ತುಮಾಡಿದ್ದರು. ಮಗಳಿಗೂ ವಿಷಯ ತಿಳಿದಿತ್ತು. ಆಕೆ ಬೇಡವೆನ್ನಲಿಲ್ಲ, ಆಗಲಿ ಎಂದೂ ಹೇಳಲಿಲ್ಲ.

ಬೆಂಗಳೂರಿನವರು 24ರ ರಾತ್ರಿಯ ರೈಲು ಹತ್ತಿ 25ರ ಬೆಳಿಗ್ಗೆ ಬೀದರಿನಲ್ಲಿ ಇಳಿದರು. ಬೀದರಿನಲ್ಲಿ ಮೆಥೋಡಿಸ್ಟ್ ಸಭೆಯ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಯಜಮಾನರ ಸಹಪಾಠಿಗಳಾದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆ ಅಲ್ಲಿದೆ. ಆರಾಧನೆ ಮುಗಿಸಿ ಬಂದಿದ್ದ ಆ ಹಿರಿಯರು ಮಕ್ಕಳನ್ನು ಒಳಗೆ ಕರೆದು ಸಿಹಿ ಕೊಟ್ಟು, “ಸೋಮವಾರ ನಿಮ್ಮ ಹೊಲಕ್ಕೆ ನಾವು ಬರುವವರು, ಭಜ್ಜಿ ನಮಗೂ ಉಳಿಸಿರಿ” ಎಂದರಂತೆ. ಶಾಲೆಯಲ್ಲಿ ಪ್ರತಿ ವರ್ಷ ಕ್ರಿಸ್‌ಮಸ್ ಹಾಡು ಹಾಡಿದ್ದ ಮಕ್ಕಳು ಆ ಹಬ್ಬವನ್ನು ಒಂದು ಮನೆಯೊಳಗೆ ಕುಳಿತು ಕಂಡದ್ದು ಅದೇ ಮೊದಲು.

26ರ ರಾತ್ರಿ ಮಾಜಿ ಪ್ರಧಾನಿ ಡಾ. ಮನಮೋಹನ ಸಿಂಗರು ನಿಧನರಾದರು. 27ರಂದು ರಾಜ್ಯ ಸರಕಾರವು ಕಚೇರಿಗಳಿಗೂ ಶಾಲೆಗಳಿಗೂ ರಜೆ ಸಾರಿತು. ಮರುದಿನ ನಾಲ್ಕನೆಯ ಶನಿವಾರ, ಆ ಮೇಲೆ ಭಾನುವಾರ, ಸೋಮವಾರ ಹಬ್ಬ. ಹೀಗಾಗಿ ಸಹಿಯ ಕೆಲಸವು 31ರ ಮಂಗಳವಾರಕ್ಕೆ ಸರಿಯಿತು. ಯಾರೂ ಬೇಡದೆ ದೊರೆತ ಈ ನಾಲ್ಕು ದಿನಗಳೇ ಆ ಮನೆಯ ಪಾಲಿಗೆ ನಿಜವಾದ ರಜೆಯಾದುವು.

ಶನಿವಾರ ಸಂಜೆ ಸೋದರತ್ತೆಯು ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಿ, ಕಡಲೆಯ ಗಿಡಗಳ ಮೇಲೆ ತೊಳೆದ ಬಿಳಿ ಬಟ್ಟೆಯನ್ನು ಹರಡಿ ಬಂದಳು. ಮರುದಿನ ಬೆಳಕು ಹರಿಯುವ ಮುನ್ನ ಮತ್ತೆ ಕರೆದೊಯ್ದಳು. ಇಬ್ಬನಿಯಲ್ಲಿ ತೊಯ್ದ ಬಟ್ಟೆಯನ್ನು ಹಿಂಡಿ ಬಂದ ನೀರನ್ನು ನಾಲಗೆಗೆ ಹಚ್ಚಿದರೆ ಅಪ್ಪಟ ಹುಳಿ! ಕಡಲೆಯ ಎಲೆಗಳು ಸೂಸುವ ಆಮ್ಲವು ಇಬ್ಬನಿಯಲ್ಲಿ ಕರಗಿ ಬಟ್ಟೆಗೆ ಇಳಿದಿರುತ್ತದೆ. ಹಿಂದಿನವರು ಇದನ್ನು ಹೊಟ್ಟೆಯ ಬೇನೆಗೆ ಮದ್ದೆಂದು ತೆಗೆದಿಡುತ್ತಿದ್ದರು. ಏಳನೆಯ ತರಗತಿಯ ಮೊಮ್ಮಗಳಿಗೂ ನಾಲ್ಕನೆಯ ತರಗತಿಯ ಮೊಮ್ಮಗನಿಗೂ ಅದು ಇಂದ್ರಜಾಲದಂತೆ ಕಂಡಿತು. ಹೊಲದ ಅಂಚಿಗೆ ಮುಳ್ಳಿನ ಕುಸುಬೆಯನ್ನು ಬಿತ್ತುವುದು ದನ ಒಳನುಗ್ಗದಿರಲೆಂದು. ಬಿಳಿಜೋಳವು ಮಳೆಗಾಲ ಹಿಂದಾದ ಮೇಲೂ ಎರೆಮಣ್ಣು ಹಿಡಿದಿಟ್ಟ ಹಸಿಯಿಂದಲೇ ತೆನೆಗಟ್ಟುತ್ತದೆ. ಇಂಥ ಸಂಗತಿಗಳನ್ನೆಲ್ಲ ಮಕ್ಕಳು ಆಕೆಯಿಂದಲೇ ಕೇಳಿದರು. ಜತೆಗೆ ಹೋಗಿದ್ದ ತಂದೆಯನ್ನು ಮಗಳು “ಅಪ್ಪಾ, ಇದೇನು ಗಿಡ?” ಎಂದು ಕೇಳಿದಾಗ ಅವರಿಗೆ ಉತ್ತರ ತಿಳಿಯಲಿಲ್ಲ. ತಂಗಿಯ ಮುಖ ನೋಡಿದರು. “ಅಗಸಿ ಅಣ್ಣಾ” ಎಂದಳು ಆಕೆ.

ಈ ಮಾತನ್ನು ನಮಗೆ ಹೇಳಿದವರು ಆ ಹಿರಿಯ ಮಗನೇ. “ನಾನು ಹುಟ್ಟಿದ ಹೊಲದಲ್ಲಿ ನಾನೇ ಬೀಗರವನಂತೆ ನಿಂತಿದ್ದೆ” ಎಂದರು. ಆಕೆ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ತಾಯಿ ಎರಡು ವರ್ಷ ಹಾಸಿಗೆ ಹಿಡಿದಾಗ ಅಡಿಗೆ, ದನ, ಹೊಲ ಮೂರನ್ನೂ ನಿಭಾಯಿಸಿದವಳು. ಅಣ್ಣನು ಕಲಬುರಗಿಯಲ್ಲಿ ಓದುತ್ತಿದ್ದಾಗ ಅವನಿಗೆ ಹೋಗುತ್ತಿದ್ದ ರೊಟ್ಟಿಯ ಗಂಟು ಈಕೆಯ ಕೈಯದು. ಇದು ಮನೆಯಲ್ಲಿ ಎಲ್ಲರಿಗೂ ತಿಳಿದ ಸಂಗತಿಯೇ ಆಗಿದ್ದರೂ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಭಾನುವಾರ ರಾತ್ರಿ ಅಡಿಗೆಮನೆಯಲ್ಲಿ ದೀಪ ಆರಲಿಲ್ಲ. ಎಳ್ಳು ಹಚ್ಚಿ ಬಡಿದ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಜೋಳದ ಕಡಬು, ಮಜ್ಜಿಗೆ ಬೆರೆತ ಜೋಳದ ಅಂಬಲಿ, ಎಲ್ಲಕ್ಕೂ ಮಿಗಿಲಾಗಿ ಭಜ್ಜಿ. ಬೀದರ ಸೀಮೆಯ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದುದಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಕಡಲೆಗಳ ಕಾಳುಗಳನ್ನೂ ಆ ಕಾಲದ ಸೊಪ್ಪು ತರಕಾರಿಗಳನ್ನೂ ಹುಣಿಸೆ, ಹಿಟ್ಟುಗಳೊಡನೆ ಒಂದೇ ಪಾತ್ರೆಯಲ್ಲಿ ಬೇಯಿಸಿದ ಗಟ್ಟಿ ಪಲ್ಯ. ಇಬ್ಬರು ಸೊಸೆಯರೂ ಮಗಳೂ ಒಲೆಯ ಮುಂದೆ ಕುಳಿತು ಮಾತನಾಡುತ್ತ ಬೆಳಗು ಮಾಡಿದರು. ಬೆಂಗಳೂರಿನ ಸೊಸೆಗೆ ರೊಟ್ಟಿ ಬಡಿಯಲು ಬಾರದು. ನಾದಿನಿಯು ಕೈಹಿಡಿದು ಕಲಿಸಿದಳು. ಹನ್ನೊಂದನೆಯ ರೊಟ್ಟಿ ಹರಿಯದೆ ಬಂದಿತಂತೆ!

ಸೋಮವಾರ ನಾವೂ ಆಹ್ವಾನಿತರಾಗಿ ಆ ಹೊಲಕ್ಕೆ ಹೋಗಿದ್ದೆವು. ಬನ್ನಿಯ ಗಿಡದ ಬಳಿ ಜೋಳದ ದಂಟುಗಳಿಂದ ಕೊಂಪೆ ಕಟ್ಟಿ, ಅದರೊಳಗೆ ಸುಣ್ಣ ಬಳಿದ ಐದು ಕಲ್ಲುಗಳನ್ನಿಟ್ಟಿದ್ದರು. ಜನರು ಅವನ್ನು ಪಾಂಡವರೆನ್ನುತ್ತಾರೆ. ಪೂಜೆಯಾದ ಮೇಲೆ ಮಾಡಿದ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತಲೂ ಚೆಲ್ಲುವುದೇ ಚರಗ. ಒಬ್ಬರು ಅನ್ನ ಚೆಲ್ಲುತ್ತ ಮುಂದೆ ನಡೆದರೆ ಇನ್ನೊಬ್ಬರು ಹಿಂದೆ ನೀರು ಚಿಮುಕಿಸುತ್ತ ಕೂಗು ಹಾಕುತ್ತಾರೆ. ತೆನೆ ಹೊತ್ತ ಭೂಮಿಯನ್ನು ಬಸುರಿ ಹೆಣ್ಣೆಂದು ಭಾವಿಸಿ ಆಕೆಗೆ ಉಣಿಸುವ ಸೀಮಂತ ಇದು ಎಂಬುದು ಒಕ್ಕಲಿಗರ ನಂಬಿಕೆ. ಹಕ್ಕಿಗೂ ಇರುವೆಗೂ ಪಾಲು ಸಲ್ಲುವುದರಿಂದ ಇದನ್ನು ಬಯಲ ದಾಸೋಹವೆಂದರೂ ಸಲ್ಲುತ್ತದೆ. ಬೀದರಿನ ಮುಖ್ಯೋಪಾಧ್ಯಾಯರು ಸಂಸಾರ ಸಹಿತ ಬಂದಿದ್ದರು. ಊರಿನ ಮುಸಲ್ಮಾನ ಬಂಧುಗಳೂ ಇದ್ದರು. ಆ ಸೀಮೆಯಲ್ಲಿ ಈ ಊಟಕ್ಕೆ ಜಾತಿ ಕೇಳುವ ಪದ್ಧತಿಯಿಲ್ಲ.

ಪ್ರತಿ ವರ್ಷ ಚರಗ ಚೆಲ್ಲುವವರು ಯಜಮಾನರ ಪತ್ನಿ. ಅಂದು ಅವರಿಗೆ ಮೊಣಕಾಲ ನೋವು ಹೆಚ್ಚಾಗಿತ್ತು. ಬುಟ್ಟಿಯನ್ನು ಎತ್ತಿ ಅತ್ತಿತ್ತ ನೋಡಿ ಮಗಳ ಕೈಗೆ ಕೊಟ್ಟರು. ಆಕೆ ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದಳು. ಹಿರಿಯ ಅಣ್ಣನು ನೀರಿನ ತಂಬಿಗೆ ಹಿಡಿದು ಹಿಂದೆ ನಡೆದರು. ಮಕ್ಕಳು ಕೂಗು ಹಾಕಿದರು. ಹನ್ನೆರಡು ಎಕರೆಯ ಬದುವನ್ನು ಸುತ್ತಿಬರಲು ಸಾಕಷ್ಟು ಹೊತ್ತೇ ಹಿಡಿಯಿತು. ಅಣ್ಣತಂಗಿಯರು ದಾರಿಯಲ್ಲಿ ಏನು ಮಾತನಾಡಿಕೊಂಡರೋ ನಮಗೆ ತಿಳಿಯದು. ತಿರುಗಿ ಬಂದಾಗ ಇಬ್ಬರ ಕಣ್ಣೂ ಕೆಂಪಾಗಿದ್ದುವು.

ಮಂಗಳವಾರ ಯಾರೂ ಕಚೇರಿಗೆ ಹೋಗಲಿಲ್ಲ. ಹಿರಿಯ ಮಗನು ತಂದೆಯ ಮುಂದೆ, ಮಕ್ಕಳೂ ಕೇಳುವಂತೆ, “ಈ ಕಾಗದ ಬ್ಯಾಡಪ್ಪಾ. ತಂಗಿಗೆ ಏನು ಬೇಕು ಅಂತ ನಾವು ಯಾರೂ ಕೇಳೇ ಇಲ್ಲ” ಎಂದರಂತೆ. ಕಿರಿಯವರು ಮೊದಲು ಒಪ್ಪಲಿಲ್ಲ. ಮದುವೆಗೆ ಮಾಡಿದ ಸಾಲವನ್ನು ಎತ್ತಿ ಆಡಿದರು, ಮಾತು ಬಿರುಸಾಯಿತು. ಆಗ ಆಕೆ ಹೇಳಿದ್ದು ಇಷ್ಟೇ: “ನನಗ ರೊಕ್ಕ ಬ್ಯಾಡ ತಮ್ಮಾ. ವರ್ಷಕ್ಕೊಮ್ಮಿ ಬಂದು ಚರಗ ಚೆಲ್ಲಲಿಕ್ಕ ನಂದು ಅಂತ ಒಂದು ತುಂಡು ನೆಲ ಇರಲಿ.”

2025ರ ಯುಗಾದಿಯ ನಂತರ ಬನ್ನಿಯ ಗಿಡದ ಸುತ್ತಲಿನ ಎರಡು ಎಕರೆ ಆಕೆಯ ಹೆಸರಿಗೆ ನೋಂದಣಿಯಾಯಿತು. ಸಹೋದರರಿಬ್ಬರೂ ಸಹಿ ಹಾಕಿದರು. ಕಿರಿಯವರು ಮನಸಾರೆ ಹಾಕಿದರೆಂದು ನಾವು ಹೇಳಲಾರೆವು, ಆದರೆ ಹಾಕಿದರು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕಾನೂನಿನ ಲೆಕ್ಕದಲ್ಲಿ ಈ ಎರಡು ಎಕರೆ ಆಕೆಯ ಪೂರ್ಣ ಪಾಲಲ್ಲ. ನಮ್ಮ ರಾಜ್ಯವು ಹಿಂದೂ ಉತ್ತರಾಧಿಕಾರ ಕಾಯಿದೆಗೆ ತಿದ್ದುಪಡಿ ತಂದು 1994ರ ಜುಲೈ 30ರಿಂದಲೇ, ಆಗ ಅವಿವಾಹಿತರಾಗಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿಯು ವಿವಾಹಿತರು, ಅವಿವಾಹಿತರು ಎಂಬ ಭೇದವನ್ನೂ ಅಳಿಸಿತು. ಆ ದಿನ ತಂದೆ ಬದುಕಿರಲೇಬೇಕೆಂಬ ನಿರ್ಬಂಧವೂ ಇಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್ 11ರಂದು ತೀರ್ಪಿತ್ತಿತು. ಇಷ್ಟಾದರೂ ನಮ್ಮ ಹಳ್ಳಿಗಳಲ್ಲಿ ಹಬ್ಬಕ್ಕೆ ಬಂದ ಹೆಣ್ಣುಮಗಳಿಗೆ ಸೀರೆ ಉಡಿಸಿ, ಉಡಿ ತುಂಬಿ, ಆ ಮೇಲೆ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಕೇಳುವುದು ನಡೆದೇ ಇದೆ. ತವರು ತಪ್ಪೀತೆಂಬ ಅಂಜಿಕೆಯಿಂದ ಆಕೆ ಸಹಿ ಮಾಡುತ್ತಾಳೆ. ಅಂಜಿಕೆಯಿಂದ ಬಂದುದು ಒಪ್ಪಿಗೆಯಲ್ಲ. ಕೇಳುವವರು ಇದನ್ನು ನೆನಪಿನಲ್ಲಿಡಬೇಕು. ಹೆಣ್ಣುಮಗಳು ತಾನಾಗಿಯೇ ಬಿಡುವೆನೆಂದರೆ ಅದು ಬೇರೆ ಮಾತು. ಆದರೆ ಬಿಡುವ ಮೊದಲು ಅದು ತನ್ನದೆಂಬುದು ಆಕೆಗೆ ತಿಳಿದಿರಬೇಕು.

ಆ ಮೊಮ್ಮಕ್ಕಳು ಬೆಂಗಳೂರಿಗೆ ಮರಳಿದ ಮೇಲೆ ಶಾಲೆಯಲ್ಲಿ ರಜೆಯ ಕುರಿತು ಪ್ರಬಂಧ ಬರೆಯಲು ಹೇಳಿದರಂತೆ. ಹುಡುಗಿಯು ಕಡಲೆಯ ಮೇಲೆ ಹಾಸಿದ ಬಟ್ಟೆ, ಅಮ್ಮನ ಹನ್ನೊಂದನೆಯ ರೊಟ್ಟಿ, ಕೊಂಪೆಯ ಮುಂದಿನ ಊಟ, ಮುಖ್ಯೋಪಾಧ್ಯಾಯರ ಮನೆಯ ಸಿಹಿ ಇವನ್ನೆಲ್ಲ ಬರೆದು, ಕೊನೆಗೆ “ಅಪ್ಪ ಒಂದು ಕಾಗದವನ್ನು ಹರಿದು ಹಾಕಿದರು” ಎಂದೂ ಬರೆದಿದ್ದಳು. ದೊಡ್ಡವರು ಅಂದು ಆ ಕಾಗದದ ವಿಷಯವಾಗಿ ಮಕ್ಕಳಿಗೆ ಏನನ್ನೂ ವಿವರಿಸಿರಲಿಲ್ಲ. ರಜೆಯಲ್ಲಿ ನಾವು ಮಕ್ಕಳಿಗೆ ಏನನ್ನು ತೋರಿಸಬೇಕೆಂದು ಯೋಚಿಸುತ್ತೇವೆ. ನಾವು ತೋರಿಸದಿದ್ದುದನ್ನೂ ಅವರು ನೋಡುತ್ತಿರುತ್ತಾರೆ.

2025ರಲ್ಲಿ ಎಳ್ಳ ಅಮಾವಾಸ್ಯೆಯು ಡಿಸೆಂಬರ್ 19ರಂದೇ, ಶಾಲೆಗೆ ಬಿಡುವಾಗುವ ಮೊದಲೇ ಬಂದಿತು. 2027ರಲ್ಲಿ ಅದು ಡಿಸೆಂಬರ್ 27ರಂದು, ಮತ್ತೆ ಕ್ರಿಸ್‌ಮಸ್ ರಜೆಯ ನಡುವೆ ಬೀಳುತ್ತದೆ. ಹೊಲವುಳ್ಳ ಮನೆತನದವರು ಈಗಲೇ ಗುರುತು ಹಾಕಿಕೊಳ್ಳಲಿ. ಹೊಲವಿಲ್ಲದವರು ಉಳ್ಳವರ ಕೊಂಪೆಗೆ ಹೋಗಿ ಉಣ್ಣಲಿ. ಅಲ್ಲಿ ಯಾರೂ ಬೇಡವೆನ್ನುವುದಿಲ್ಲ. ಮನೆಯ ಹೆಣ್ಣುಮಕ್ಕಳಿಗೆ ಮಾತ್ರ ಮೊದಲ ಕರೆ ಹೋಗಲಿ. ಕರೆಯುವವರ ಕಿಸೆಯಲ್ಲಿ ಬೇರೆ ಕಾಗದವಿರದಿರಲಿ.