ಹೋದ ವರ್ಷದ ಲೆಕ್ಕ ನಂಬಿದ ಸಾಹುಕಾರ

ಹಬ್ಬ ಹತ್ತಿರ ಬಂತೆಂದರೆ ಪೇಟೆಬೀದಿಯ ಸಾಹುಕಾರರು ಮೊದಲು ತೆಗೆಯೋದು ಹೋದ ವರ್ಷದ ಖಾತೆ ಪುಸ್ತಕ. ಎಷ್ಟು ಮೂಟೆ ಬೆಲ್ಲ ಹೋಯ್ತು, ಎಷ್ಟು ಡಬ್ಬ ತುಪ್ಪ ಹೋಯ್ತು, ಈ ಸಲವೂ ಅಷ್ಟೇ ಕಳಿಸಿ ಅಂತ ಮಂಡಿಗೆ ಫೋನು. ಲೆಕ್ಕ ಸಲೀಸು. ಆದರೆ ಕೈ ಕಚ್ಚೋದೂ ಇದೇ ಲೆಕ್ಕ.

2024ರಲ್ಲಿ ಯುಗಾದಿ ಏಪ್ರಿಲ್ 9ಕ್ಕೆ ಬಂತು, ರಂಜಾನ್ ಹಬ್ಬ ಅದರ ಬೆನ್ನಿಗೇ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಮರುದಿನ ರಂಜಾನ್. 2026ರಲ್ಲೂ ಮಾರ್ಚ್ ಮೂರನೇ ವಾರದಲ್ಲಿ ಎರಡೂ ಜೊತೆಜೊತೆ. ಒಂದು ಮನೆಯಲ್ಲಿ ಒಬ್ಬಟ್ಟಿಗೆ ಬೇಳೆ ಬೇಯುವಾಗ ಪಕ್ಕದ ಮನೆಯಲ್ಲಿ ಶ್ಯಾವಿಗೆ ಹುರಿಯುತ್ತಾರೆ. ಹಾಲು, ಸಕ್ಕರೆ, ತುಪ್ಪ ಇಬ್ಬರಿಗೂ ಬೇಕು. ದರ್ಜಿಗೆ ಇಬ್ಬರದ್ದೂ ಒಂದೇ ವಾಯಿದೆ.

ಮೂರು ವರ್ಷ ಹೀಗಾಯಿತೆಂದು 2027ಕ್ಕೂ ಹೀಗೇ ಅಂದುಕೊಂಡವನು ಕೆಟ್ಟ. ಹಿಜರಿ ವರ್ಷಕ್ಕೆ 354 ದಿನ. ರಂಜಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತದೆ. ಪಂಚಾಂಗ ಹಾಗಲ್ಲ, ಸುಮಾರು ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸಿ ಸರಿಮಾಡಿಕೊಳ್ಳುತ್ತದೆ. 2026ರ ಮೇ 17ರಿಂದ ಅಧಿಕ ಜ್ಯೇಷ್ಠ ಸೇರಿದ ಕಾರಣ 2027ರ ಯುಗಾದಿ ಏಪ್ರಿಲ್ ಮೊದಲ ವಾರಕ್ಕೆ ಹೋಗುತ್ತದೆ, ರಂಜಾನ್ ಮಾರ್ಚ್ 10ರ ಆಸುಪಾಸಿಗೆ ಬರುತ್ತದೆ. ನಡುವೆ ನಾಲ್ಕು ವಾರದ ಅಂತರ. ಏಪ್ರಿಲ್‌ಗೆಂದು ಖರ್ಜೂರ, ಶ್ಯಾವಿಗೆ ತರಿಸಿದವನ ಮಾಲು ಅಂಗಡಿಯಲ್ಲೇ ಕೂರುತ್ತದೆ, ಸಾಲದ ಬಡ್ಡಿ ಮಾತ್ರ ಓಡುತ್ತದೆ. ಮಾರ್ಚ್‌ನಲ್ಲಿ ಮಾಲಿಲ್ಲದೆ ರೇಟು ಏರಿದರೆ ಸಂಜೆ ಬಸ್ಸಿಗೆ ಓಡುವ ಗಿರಾಕಿಯ ಜೇಬಿಗೆ ಕತ್ತರಿ.

ಜವಳಿ ಅಂಗಡಿಯವರಿಗೂ ಇದೇ ಪಾಠ. ಅಧಿಕ ಮಾಸ, ಆಷಾಢದಲ್ಲಿ ಹಿಂದೂಗಳ ಮದುವೆ ಇಲ್ಲವೆಂದು ಕೈಕಟ್ಟಿ ಕೂರುತ್ತಾರೆ. ಆದರೆ ಮುಸ್ಲಿಮರಿಗೆ, ಕ್ರೈಸ್ತರಿಗೆ ಆಷಾಢದ ಅಡ್ಡಿಯಿಲ್ಲ. ರಂಜಾನ್ ತಿಂಗಳಲ್ಲಿ, ಕ್ರೈಸ್ತರ ತಪಸ್ಸು ಕಾಲದಲ್ಲಿ ಅವರ ಮದುವೆ ಕಡಿಮೆ. ಆಗ ಬೇರೆಯವರದ್ದು ನಡೆಯುತ್ತದೆ. ಒಬ್ಬರ ಓಲಗ ನಿಂತಾಗ ಇನ್ನೊಬ್ಬರದ್ದು ಶುರು. ಪೇಟೆ ವರ್ಷವಿಡೀ ಉಸಿರಾಡೋದು ಊರಲ್ಲಿ ನಾಲ್ಕು ತರದ ಜನ ಇರೋದರಿಂದಲೇ.

ಇದನ್ನು ತಿಳಿಯೋಕೆ ಪಟ್ಟಣದಿಂದ ಪಂಡಿತರು ಬರಬೇಕಿಲ್ಲ. ಮೂಟೆ ಹೊರುವ ಹಮಾಲಿ, ಎದುರಿನ ದರ್ಜಿ, ಬೇಕರಿ ಹುಡುಗ, ಹೂ ಮಾರುವ ಅಮ್ಮ, ಇವರನ್ನು ಕೇಳಿದರೆ ಸಾಕು. ತಮ್ಮವರನ್ನಷ್ಟೇ ಕೆಲಸಕ್ಕಿಟ್ಟುಕೊಂಡು, ತಮ್ಮವರನ್ನಷ್ಟೇ ವಿಚಾರಿಸುವ ಅಂಗಡಿಗೆ ಅರ್ಧ ಊರಿನ ಬೇಡಿಕೆ ಗೊತ್ತಾಗುವುದೇ ಇಲ್ಲ.

ಗಲ್ಲದ ಹಿಂದಿನ ಗೋಡೆಗೆ ಪಂಚಾಂಗದ ಪಕ್ಕ ಇನ್ನೆರಡು ಕ್ಯಾಲೆಂಡರ್ ತೂಗುಹಾಕಲಿ. ಖರ್ಚು ಎರಡು ಮೊಳೆಯದ್ದು.